ಆಗಸ್ಟಿನ ಸ್ಯಾಂಟೊರಿನಿಗೆ ಇನ್ನೊಂದು ಸಲ ಹೋಗಬೇಕಾ? ಗಂಡ ಹೆಂಡಿರ ಜಗಳಕ್ಕೆ ನ್ಯಾಯ ಹೇಳಿ

ಮಳೆಬಿಲ್ಲು
ನಾವಿಬ್ಬರೂ ಇರೋದು ಜರ್ಮನಿಯಲ್ಲಿ. 2025ರ ಆಗಸ್ಟ್ ಶುರುವಿನಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿ ಬಂದ್ವಿ. ಬಂದಾಗಿನಿಂದ ಮನೆಯಲ್ಲಿ ಒಂದೇ ತಕರಾರು. ಮುಂದಿನ ಬೇಸಿಗೆಗೂ ಅಲ್ಲಿಗೇ ಹೋಗೋಣ ಅಂತ ನಾನು. ಆ ನೂಕುನುಗ್ಗಲಿಗೆ ಇನ್ನು ಕಾಲಿಡಲ್ಲ, ಅಲ್ಲೇ ಹತ್ತಿರದ ನಾಕ್ಸೊಸ್ ದ್ವೀಪಕ್ಕೆ ಹೋಗೋಣ ಅಂತ ನಮ್ಮ ಯಜಮಾನರು.

ಇಯಾ ಊರಿನ ಸೂರ್ಯಾಸ್ತದ ಗಲಾಟೆ ಸುಳ್ಳಲ್ಲ, ಒಪ್ಪುತ್ತೀನಿ. ಸೂರ್ಯ ಮುಳುಗೋದು ಎಂಟು ಗಂಟೆ ದಾಟಿದ ಮೇಲೆ. ಆರಕ್ಕೇ ಹಳೇ ಕೋಟೆಯ ಗೋಡೆ ಮೇಲೆ ಒಂದು ಗೇಣು ಜಾಗ ಇರಲಿಲ್ಲ. ಓಣಿಯಲ್ಲಿ ಬಾಡಿಗೆಗೆ ತಂದ ಮಾರುದ್ದದ ಲಂಗವನ್ನು ಗಾಳಿಗೆ ಹಾರಿಸಿ ಫೋಟೊ ತೆಗೆಸಿಕೊಳ್ಳೋರು, ಅವರ ಹಿಂದೆ ಅದೇ ಲಂಗಕ್ಕೆ ಕಾಯೋರು. ನಿಮಗೆ ಇದು ರಜೆ, ನಮಗೆ ಇದು ಮನೆ ಅನ್ನೋ ಅರ್ಥದ ಫಲಕ ಗೋಡೆ ಮೇಲಿದೆ. ಅದರ ಪಕ್ಕದಿಂದಲೇ ಯಾರದೋ ಮಾಳಿಗೆ ಹತ್ತುತ್ತಿದ್ದರು. ಆದರೆ ಇಡೀ ದ್ವೀಪವೇ ಇಯಾ ಅಲ್ಲವಲ್ಲ? ಪೆರಿಸ್ಸಾದ ಕಪ್ಪು ಮರಳು ಕಾಯುವ ಮುಂಚೆ ಬೆಳಗ್ಗೆ ಈಜಿದ್ದು, ಪಿರ್ಗೊಸ್ ಊರಿನ ಸಂಜೆ, ಬೂದಿಯಡಿ ಹೂತಿದ್ದ ಹಳೇ ಊರು ಅಕ್ರೊತಿರಿ, ಇವಕ್ಕೆಲ್ಲ ಬೆಲೆ ಇಲ್ಲವಾ?

ನಕಾಶೆ ಹುಚ್ಚ
ನಾನು ಯಜಮಾನರ ಕಡೆ. 76 ಚದರ ಕಿಲೋಮೀಟರಿನ ದ್ವೀಪ, ಅಲ್ಲೇ ಬಾಳೋರು ಹದಿನೈದು ಸಾವಿರ ಚಿಲ್ಲರೆ. ಬರೋರು ವರ್ಷಕ್ಕೆ ಸುಮಾರು 34 ಲಕ್ಷ. 2024ರ ಜುಲೈನಲ್ಲಿ ಒಂದೇ ದಿನ ಹನ್ನೊಂದು ಸಾವಿರ ಕ್ರೂಸ್ ಹಡಗಿನ ಪ್ರಯಾಣಿಕರು ಇಳೀತಾರೆ ಅಂತ ಗೊತ್ತಾದಾಗ, ಸ್ಥಳೀಯ ಮುಖಂಡರೊಬ್ಬರು ಊರಿನವರಿಗೇ ಓಡಾಟ ಕಡಿಮೆ ಮಾಡಿ ಅಂತ ಫೇಸ್‌ಬುಕ್‌ನಲ್ಲಿ ಬರೆದರು. ಜನ ಉಗಿದ ಮೇಲೆ ಅಳಿಸಿದರು. ನಮ್ಮೂರಿನ ರಸ್ತೆಗೆ ನಾವೇ ಇಳಿಯಬಾರದು ಅಂದರೆ ಏನರ್ಥ? ಇಂಥ ಕಡೆ ಎರಡನೇ ಸಲ ಹೋಗಿ ಆ ಸಂಖ್ಯೆಗೆ ಇನ್ನಿಬ್ಬರನ್ನ ಸೇರಿಸಬೇಕಾ?

ಕಡಲತಡಿ
ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಮಾರಾಯ್ರೆ. ಕ್ರೂಸಿನವರು ಬೇರೆ, ಉಳಿದುಕೊಳ್ಳುವವರು ಬೇರೆ. ಆ ದೊಡ್ಡ ಹಡಗುಗಳಿಗೆ ಅಲ್ಲಿ ದಡಕ್ಕೆ ಬರಲು ಆಗುವುದಿಲ್ಲ, ಜ್ವಾಲಾಮುಖಿ ಕುಸಿದು ಆದ ಕಡಲು ಅಷ್ಟು ಆಳ ಉಂಟು, ಲಂಗರು ಹಿಡಿಯುವುದಿಲ್ಲ. ಸಣ್ಣ ದೋಣಿಯಲ್ಲಿ ಫಿರಾ ಊರಿನ ಕೆಳಗಿನ ಹಳೇ ಬಂದರಿಗೆ ತಂದು ಬಿಡುತ್ತಾರೆ. ಅಲ್ಲಿಂದ ಮೇಲಕ್ಕೆ ಕೇಬಲ್ ಕಾರು, ಇಲ್ಲ ಸುಮಾರು ಆರುನೂರು ಮೆಟ್ಟಿಲು, ಇಲ್ಲ ಕತ್ತೆ. ಅಷ್ಟೂ ಜನ ಒಂದೇ ಹೊತ್ತಿಗೆ ಫಿರಾ, ಇಯಾ ಎರಡೇ ಊರಿಗೆ ನುಗ್ಗಿ, ಒಂದು ಐಸ್‌ಕ್ರೀಮ್ ತಿಂದು, ಊಟಕ್ಕೆ ಹಡಗಿಗೇ ವಾಪಸು. ರಾತ್ರಿ ಉಳಿದವರು ರೂಮಿಗೆ, ಹೋಟೆಲಿಗೆ, ಬಸ್ಸಿಗೆ, ತರಕಾರಿ ಅಂಗಡಿಗೆ ದುಡ್ಡು ಕೊಡುತ್ತಾರೆ. ಇಬ್ಬರ ಲೆಕ್ಕವೂ ಒಂದೇ ಹೇಗಾದೀತು? ಸರಕಾರವೇ ಬೇರೆ ಮಾಡಿದೆ. ಕ್ರೂಸಿನವರಿಗೆ ದಿನಕ್ಕೆ 8,000 ಜನ ಅಂತ ಮಿತಿ, 2025ರ ಜುಲೈಯಿಂದ ಬೇಸಿಗೆಯಲ್ಲಿ ತಲೆಗೆ 20 ಯೂರೊ ಶುಲ್ಕ.

ನಕಾಶೆ ಹುಚ್ಚ
ಉಳಿದುಕೊಳ್ಳೋರಿಗೆ ಈಜುಕೊಳ ಬೇಕು, ದಿನಾ ಹೊಸ ಟವೆಲ್ ಬೇಕು, ಎಸಿ ಬೇಕು. ಮಳೆ ಕಡಿಮೆ ಬೀಳೋ ದ್ವೀಪ, ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡಿ ನಲ್ಲಿಗೆ ಬಿಡ್ತಾರೆ, ಅದನ್ನೂ ಯಾರೂ ಕುಡಿಯಲ್ಲ, ಬಾಟಲಿ ನೀರೇ ಗತಿ. ಐಸ್‌ಕ್ರೀಮ್ ತಿಂದು ಹೋಗೋನು ಹಾಕೋ ಹೊರೆ ಇದಕ್ಕಿಂತ ಕಡಿಮೆ ಅಂದರೆ ನಗಬೇಡಿ.

ಧಾರವಾಡ ಫೇಡೆ
ನಾವೂ ಗಂಡ ಹೆಂಡತಿ ಹೋಗಿದ್ವಿ, ಹಂಗಾಗಿ ನಂದೂ ಒಂದ್ ಮಾತು. ಕತ್ತೆ ಮ್ಯಾಲೆ ಮಾತ್ರ ಹತ್ತಬ್ಯಾಡ್ರಿ. ಸುಡೋ ಬಿಸಿಲಾಗ ಅದ ಮೆಟ್ಟಿಲ ಮ್ಯಾಲೆ ಕೆಳಗ, ಕೆಳಗಿಂದ ಮ್ಯಾಲೆ. ಕಾಲು ಇಡೋ ಕಲ್ಲೆಲ್ಲಾ ಲದ್ದಿ ಬಿದ್ದು ನುಣ್ಣಗ ಆಗ್ಯಾವ, ನಡಕೊಂಡು ಇಳಿಯೋರು ಗ್ವಾಡಿ ಹಿಡಕೊಂಡು ನಿಂದ್ರಬೇಕು. 2018ರಾಗ ಕಾನೂನು ಮಾಡ್ಯಾರ, ನೂರು ಕೆಜಿಗಿಂತ ಇಲ್ಲಾ ಪ್ರಾಣಿ ತೂಕದ ಐದರಾಗ ಒಂದ್ ಪಾಲಿಗಿಂತ ಹೆಚ್ಚು ಹೊರಸಬಾರದು ಅಂತ. ಅಲ್ಲೇನ್ ತಕ್ಕಡಿ ಇಟ್ಟಾರೇನು? ನನ್ನ ಕಣ್ಣಿಗಂತೂ ಬೀಳಲಿಲ್ಲ.

ಉಳಿದಿದ್ದಕ್ಕ ನಾ ಅಕ್ಕಾರ ಕಡೆ. ಫಿರಾದಿಂದ ಇಯಾ ತನಕ ಹತ್ತು ಕಿಲೋಮೀಟರ್ ದಂಡಿ ಹಿಡದು ನಡೀರಿ, ಬೆಳಕು ಹರಿಯೂದ್ರಾಗ ಹೊಂಡ್ರಿ. ಒಂದ್ ಕಡೆ ಕಡಲು, ಇನ್ನೊಂದ್ ಕಡೆ ದ್ರಾಕ್ಷಿ ಹೊಲ, ನಡುವ ನೀವಿಬ್ಬರ.

ಅದೇ ಯಜಮಾನ
ಮೇಲೆ ಹೇಳಿರೋ ಯಜಮಾನ ನಾನೇ. ಹೆಂಡತಿ ಹೇಳದೆ ಬಿಟ್ಟಿದ್ದನ್ನ ನಾನು ಹೇಳ್ತೀನಿ.

ಆ ದ್ವೀಪದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಬಸ್ಸು ಫಿರಾ ನಿಲ್ದಾಣಕ್ಕೆ ಬಂದೇ ಹೋಗಬೇಕು. ಪೆರಿಸ್ಸಾದಿಂದ ಇಯಾಗೆ ಹೋಗಬೇಕಾದರೆ ಫಿರಾದಲ್ಲಿ ಇಳಿದು, ಬಿಸಿಲಲ್ಲಿ ನಿಂತು, ಇನ್ನೊಂದು ಹತ್ತಬೇಕು. ಎರಡನೇ ಬಸ್ಸು ಬಂದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಇಯಾ, ಇಯಾ ಅಂತ ಕೂಗ್ತಾನೆ, ಹತ್ತೋಕೆ ಹೋದರೆ ತುಂಬಿದೆ ಅಂತಾನೆ. ಎಟಿವಿ ಅನ್ನೋ ನಾಲ್ಕು ಚಕ್ರದ ಬೈಕು ಬಾಡಿಗೆಗೆ ಕೇಳಿದರೆ ನನ್ನ ಭಾರತದ ಲೈಸೆನ್ಸ್ ನೋಡಿ ಅಂತರರಾಷ್ಟ್ರೀಯ ಪರ್ಮಿಟ್ ಎಲ್ಲಿ ಅಂದರು. ಸರಿ, ನಿಯಮ ನಿಯಮವೇ. ರೂಮಿನ ಬಿಲ್ಲಿನ ಮೇಲೆ ಹವಾಮಾನ ಶುಲ್ಕ ಅಂತ ರಾತ್ರಿಗೆ 10 ಯೂರೊ, ನಾಲ್ಕು ಸ್ಟಾರ್ ಹೋಟೆಲಿಗೆ ಅಷ್ಟು, ಐದು ಸ್ಟಾರ್ ಆದರೆ 15. ಕಡಲು ಕಾಣೋ ಬಾಲ್ಕನಿ ಅಂತ ದುಪ್ಪಟ್ಟು ಕೊಟ್ಟೆವು. ಬಾಲ್ಕನಿಯ ಕೆಳಗೇ ಓಡಾಡೋ ದಾರಿ. ನಾನು ಕಾಫಿ ಕುಡಿಯೋದೂ ಯಾರ್ಯಾರದೋ ವಿಡಿಯೊದಲ್ಲಿ ಇರುತ್ತೆ.

ಗಾಳಿ ಬೇರೆ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ಟೆಮಿ ಅಂತ ಗಾಳಿ ಬೀಸುತ್ತೆ, ದಿನಗಟ್ಟಲೆ ನಿಲ್ಲಲ್ಲ. ನಾವು ಹೊರಡೋ ದಿನ ವೇಗದ ಹಡಗು ರದ್ದು, ದೊಡ್ಡ ಹಡಗಿನಲ್ಲಿ ಅಥೆನ್ಸಿನ ಬಂದರು ಪಿರೇಯಸ್ ತಲುಪೋಕೆ ಎಂಟು ತಾಸು. ನಾಕ್ಸೊಸ್ ನೋಡಿ: 430 ಚದರ ಕಿಲೋಮೀಟರ್, ಸಿಕ್ಲಾಡೀಸ್ ಅನ್ನೋ ಈ ದ್ವೀಪಗಳ ಗುಂಪಿನಲ್ಲೇ ದೊಡ್ಡದು. ಸಾವಿರ ಮೀಟರ್ ಬೆಟ್ಟ, ಒಳಗೆ ಹಳ್ಳಿ, ಆಲೂಗಡ್ಡೆ ಹೊಲ, ಅವರದೇ ಹಸುವಿನ ಹಾಲಿನ ಗ್ರಾವಿಯೆರಾ ಚೀಸು. ಪ್ರವಾಸಿಗರು ಬರದಿದ್ದರೂ ಬದುಕೋ ಊರು ಅದು. ರಜೆಗೆ ಅಂಥ ಕಡೆ ಹೋಗಬೇಕು ಅನ್ನೋದು ನನ್ನ ವಾದ, ಅಷ್ಟೇ.

ಮಳೆಬಿಲ್ಲು
ಆ ಬಾಲ್ಕನಿ ಬೇಕು ಅಂದಿದ್ದು ಯಾರು ಅಂತಲೂ ಬರೀರಿ. ಮೆಲ್ಟೆಮಿ ನಾಕ್ಸೊಸ್‌ನಲ್ಲೂ ಬೀಸುತ್ತೆ. ಹವಾಮಾನ ಶುಲ್ಕ ಗ್ರೀಸ್ ತುಂಬಾ ಇದೆ.

ಬರೀ ಓದೋನು
ಪಾಪ್‌ಕಾರ್ನ್ ತಂದೆ. ಮುಂದುವರೀಲಿ.

ಕಲ್ಲುಬಂಡೆ
ಯಾರೂ ಭೂಕಂಪದ ಮಾತೇ ಎತ್ತಿಲ್ಲ. 2025ರ ಜನವರಿ ಕೊನೆಯಿಂದ ಫೆಬ್ರವರಿ ತನಕ ಸ್ಯಾಂಟೊರಿನಿ, ಹತ್ತಿರದ ಅಮೊರ್ಗೊಸ್ ದ್ವೀಪಗಳ ನಡುವೆ ಸಾವಿರಾರು ಸಲ ನೆಲ ನಡುಗಿತು. ಎಲ್ಲಕ್ಕಿಂತ ಜೋರಾದದ್ದರ ತೀವ್ರತೆ 5.3. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ಹೊರಟರು, ಶಾಲೆ ಮುಚ್ಚಿದರು, ತುರ್ತು ಪರಿಸ್ಥಿತಿ ಘೋಷಿಸಿದರು. ನೆಲದಡಿ ಶಿಲಾಪಾಕ ಪಕ್ಕಕ್ಕೆ ನುಗ್ಗಿದ್ದೇ ಕಾರಣ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಆ ಬೇಸಿಗೆ ಬುಕಿಂಗ್ ಇಳಿದಿತ್ತು. ಅಂದರೆ ನೀವು ನೋಡಿದ ನೂಕುನುಗ್ಗಲು ಇಳಿದ ವರ್ಷದ್ದು!

ಇನ್ನೊಂದು ವಿಷಯ. ಬಿಳೀ ಗುಹೆಮನೆಯಲ್ಲಿ ಮಲಗೋಕೆ ಜನ ಈಗ ಐಫೋನಿನ ಬೆಲೆ ಕೊಡ್ತಾರಲ್ಲ, ಅವು ಬಡವರ ಮನೆಗಳು. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಪದರವನ್ನು ಕೊರೆದು ಮಾಡಿದ್ದು. ಹಡಗಿನ ಯಜಮಾನರದು ಮೇಲುಗಡೆ ಬಂಗಲೆ, ಹಡಗಿನ ಆಳುಗಳದು ಈ ಗುಹೆ. 1956ರ ಜುಲೈ 9ರ ಭೂಕಂಪದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಊರಿಗೆ ಊರೇ ಒಡೆಯಿತು, ಎಷ್ಟೋ ಮನೆಯವರು ಅಥೆನ್ಸಿಗೆ ಹೋದವರು ತಿರುಗಿ ಬರಲಿಲ್ಲ. ಇಯಾದಲ್ಲಿ ಪಾಳುಬಿದ್ದ ಮನೆಗಳನ್ನು ಗ್ರೀಸಿನ ಸರಕಾರಿ ಪ್ರವಾಸೋದ್ಯಮ ಸಂಸ್ಥೆ 1970ರ ದಶಕದಲ್ಲಿ ರಿಪೇರಿ ಮಾಡಿ ಅತಿಥಿಗಳಿಗೆ ಕೊಡಲು ಶುರು ಮಾಡಿತು. ಈಗಿನ ವೈಭವದ ಬುಡ ಅಲ್ಲಿದೆ. ಹಾಗಾಗಿ ಪ್ರವಾಸಿಗರು ದ್ವೀಪ ಹಾಳು ಮಾಡಿದರು ಅಂತ ಮಾತ್ರ ಹೇಳಿ ಮುಗಿಸಬೇಡಿ. ಅವರು ಬಂದಿರದಿದ್ದರೆ ಅಲ್ಲಿ ಎಷ್ಟು ಜನ ಉಳಿದಿರುತ್ತಿದ್ದರು ಅಂತಲೂ ಕೇಳಿಕೊಳ್ಳಿ.

ನಕಾಶೆ ಹುಚ್ಚ
ಉಳಿಸಿದ್ದು ನಿಜ ಇರಬಹುದು. ಈಗ ಅದೇ ಮನೆಗಳಲ್ಲಿ ಊರಿನ ಮೇಷ್ಟ್ರಿಗೆ, ನರ್ಸಿಗೆ ಬಾಡಿಗೆ ಮನೆ ಸಿಗ್ತಿಲ್ಲ, ಎಲ್ಲ ಪ್ರವಾಸಿಗರಿಗೇ. ಬದುಕಿಸಿದ್ದೇ ಹೊರಗೆ ಹಾಕ್ತಾ ಇದೆ.

ಸೌತೆಕಾಯಿ
ತತ್ವ ಆಮೇಲೆ. ನಾವು ಮೊಟ್ಟೇನೂ ತಿನ್ನಲ್ಲ. ಹೊಟ್ಟೆಗೆ ಏನು ಸಿಗುತ್ತೆ ಅಲ್ಲಿ?

ಮಳೆಬಿಲ್ಲು
ನಿಮ್ಮ ಪ್ರಶ್ನೆ ನೋಡಿ ಖುಷಿಯಾಯ್ತು, ಅಲ್ಲಿ ನನಗೆ ತುಂಬಾ ಹಿಡಿಸಿದ್ದೇ ಊಟ. ಫಾವಾ ಅಂತ ಕೇಳಿ. ನಮ್ಮ ಕೇಸರಿ ಬೇಳೆಯ ಕುಲದ್ದೇ ಒಂದು ಹಳದಿ ಕಾಳು, ಆ ಬೂದಿಮಣ್ಣಲ್ಲಿ ಬೆಳೆಯೋದು. ನುಣ್ಣಗೆ ಬೇಯಿಸಿ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಮೊಗ್ಗು. ಒಗ್ಗರಣೆ ಮರೆತ ಗಟ್ಟಿ ತೊವ್ವೆ ಅಂದುಕೊಳ್ಳಿ. ಆಮೇಲೆ ಅಲ್ಲಿನ ಸಣ್ಣ ಟೊಮೆಟೊದ ಕರಿದ ವಡೆ, ಬಿಳಿ ಬದನೆಕಾಯಿ, ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ, ದಪ್ಪ ಬೀನ್ಸಿನ ಪಲ್ಯದಂಥದು. ವಡೆ ಕಲೆಸುವಾಗ ಕೆಲವರು ಮೊಟ್ಟೆ ಹಾಕ್ತಾರೆ, ಕೇಳಿ ತಗೊಳ್ಳಿ.

ಆಗಸ್ಟ್ 15 ಅಲ್ಲಿ ಮಾತೆ ಮೇರಿಯ ದೊಡ್ಡ ಹಬ್ಬ. ಅದಕ್ಕೆ ಮುಂಚೆ ಎರಡು ವಾರ ಭಕ್ತರು ಉಪವಾಸ ಹಿಡೀತಾರೆ: ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ನಿಸ್ತೀಸಿಮೊ ಅಂತ ಕೇಳಿದರೆ ಅಡುಗೆಯವರಿಗೆ ತಕ್ಷಣ ಅರ್ಥ ಆಗುತ್ತೆ. ಸಿಗಡಿ, ಬೊಂಡಾಸ್‌ನಂಥ ಕಡಲ ಜೀವಿಗಳು ಉಪವಾಸಕ್ಕೆ ನಡೆಯುತ್ತೆ, ಅದನ್ನ ಮಾತ್ರ ಬೇಡ ಅಂತ ಬೇರೆ ಹೇಳಬೇಕು.

ಅಕ್ರೊತಿರಿ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಕ್ರಿಸ್ತಪೂರ್ವ 1600ರ ಆಸುಪಾಸಿನ ಸ್ಫೋಟದಲ್ಲಿ ಬೂದಿಯಡಿ ಹೂತ ಊರು, 1967ರಲ್ಲಿ ಅಗೆಯಲು ಶುರು ಮಾಡಿದ್ದು. ಮೇಲೆ ದೊಡ್ಡ ಚಾವಣಿ ಇದೆ, ತಣ್ಣಗೆ ನಡೆದು ನೋಡಬಹುದು. ಎರಡು ಅಂತಸ್ತಿನ ಮನೆ, ಬೀದಿಯಡಿ ಚರಂಡಿ, ಗೋಡೆಗೆ ಒರಗಿಸಿಟ್ಟ ದೊಡ್ಡ ದೊಡ್ಡ ಮಣ್ಣಿನ ಪಾತ್ರೆಗಳು. ಹೆಣ ಮಾತ್ರ ಸಿಕ್ಕಿಲ್ಲ. ಮುಂಚೆ ನೆಲ ನಡುಗಿದಾಗಲೇ ಜನ ಊರು ಬಿಟ್ಟಿದ್ದರು. ಗೋಡೆಚಿತ್ರ ನೋಡಬೇಕಾದರೆ ಫಿರಾದ ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ಬಂಡೆ ಹತ್ತುವ ನೀಲಿ ಕೋತಿಗಳಿವೆ. ಬಾಲ ಎತ್ತಿ ಬಾಗಿಸಿರೋ ರೀತಿ ನೋಡಿ, ಅವು ನಮ್ಮ ಕಡೆಯ ಮುಸಿಯ ಇರಬೇಕು ಅಂತ 2019ರ ಕೊನೆಗೆ ಬಂದ ಒಂದು ಅಧ್ಯಯನ ವಾದಿಸಿದೆ. ಬೇರೆ ವಿದ್ವಾಂಸರು ಆಫ್ರಿಕಾದ ಕೋತಿ ಅಂತಾರೆ. ಯಾವುದೇ ಇರಲಿ, ನಾವು ಹೋದಾಗ ಆ ಕೋಣೆಯಲ್ಲಿ ನಮ್ಮಿಬ್ಬರನ್ನ ಬಿಟ್ಟರೆ ಕಾವಲಿನ ಹೆಂಗಸು ಒಬ್ಬಳೇ. ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ.

ಅದೇ ಯಜಮಾನ
ಕೋತಿ ಚಿತ್ರ ಚೆನ್ನಾಗಿತ್ತು. ಅದನ್ನ ನಾನು ಯಾವತ್ತೂ ಅಲ್ಲಗಳೆದಿಲ್ಲ.

ನೀರುಗಂಟಿ
ನಾಕ್ಸೊಸ್‌ಗೆ ಹೋದರೆ ಪಾಪ ಅಂಟಲ್ಲ ಅನ್ನೋ ಹಾಗೆ ಮಾತಾಡ್ತಿದ್ದೀರಿ, ಅದಕ್ಕೆ ಬರೀತಿದ್ದೀನಿ. 2024ರ ಬೇಸಿಗೆಯಲ್ಲಿ ಅಲ್ಲಿನ ಕೆರೆಕಟ್ಟೆ ಒಣಗಿ ನೆಲ ಕಂಡಿತು. ಬಾವಿಗಳಿಗೆ ಸಮುದ್ರದ ನೀರು ನುಗ್ಗಿ ಉಪ್ಪಾಯ್ತು, ನೀವು ಹೊಗಳಿದ ಆಲೂಗಡ್ಡೆ ಬೆಳೆಗೇ ಪೆಟ್ಟು ಬಿತ್ತು. ಕುಡಿಯೋ ನೀರಿಗೆ, ಹೋಟೆಲಿನ ನೀರಿಗೆ ಸಂಚಾರಿ ಶುದ್ಧೀಕರಣ ಘಟಕ ತರಿಸಿದರು, ಅದು ಹೊಲಕ್ಕೆ ಹರಿಯೋ ನೀರಲ್ಲ. ಸ್ಯಾಂಟೊರಿನಿ ಎಂದೋ ಸಮುದ್ರದ ನೀರಿಗೆ ಒಗ್ಗಿಕೊಂಡ ದ್ವೀಪ. ನಾಕ್ಸೊಸ್‌ನಲ್ಲಿ ನೀವು ಸ್ನಾನ ಮಾಡೋದು ರೈತನ ಜೊತೆ ಪೈಪೋಟಿ ಮಾಡಿ. ಯಾವುದು ವಾಸಿ?

ನಕಾಶೆ ಹುಚ್ಚ
ಹಾಗಾದರೆ ಎಲ್ಲೂ ಹೋಗಬೇಡಿ ಅಂತಲಾ?

ನೀರುಗಂಟಿ
ಹೋಗಿ. ಆಗಸ್ಟಿನಲ್ಲಿ ಹೋಗಬೇಡಿ. ಜೂನ್ ಮೊದಲ ವಾರ ಯಾಕಾಗಲ್ಲ? ಇಬ್ಬರಿಗೂ ಮಕ್ಕಳ ಶಾಲೆಯ ರಜೆ ನೋಡೋ ಗೋಜು ಇಲ್ಲ ತಾನೆ.

ಧಾರವಾಡ ಫೇಡೆ
ಇದು ಖರೇ ಮಾತು. ಜೂನ್ ಶುರುವಿಗೆ ಸಮುದ್ರ ಒಂಚೂರು ತಣ್ಣಗಿರ್ತೈತಿ, ಅಷ್ಟ. ರೂಮ್ ದರಾನೂ ಇಳೀತೈತಿ. ಮ್ಯಾಲೆ ನಾಕ್ಸೊಸ್, ಸ್ಯಾಂಟೊರಿನಿ ನಡುವ ಹಡಗಿನ್ಯಾಗ ಎರಡು ತಾಸಿನ ಆಸುಪಾಸು. ಎರಡೂ ನೋಡ್ರಿ, ಜಗಳ ಯಾಕ?

ಕಡಲತಡಿ
ಉಳಿಯುವುದಾದರೆ ಪಿರ್ಗೊಸ್, ಮೆಗಾಲೊಹೊರಿ ಕಡೆ ನೋಡಿ. ಕಡಲಂಚಿನ ಬಾಲ್ಕನಿ ಇರುವುದಿಲ್ಲ, ಯಜಮಾನರ ಕಾಫಿಯ ವಿಡಿಯೊ ಯಾರೂ ತೆಗೆಯುವುದಿಲ್ಲ. ಸುತ್ತ ದ್ರಾಕ್ಷಿ ತೋಟ ಉಂಟು. ಅಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಬಿಡುವುದಿಲ್ಲ, ನೆಲದಲ್ಲೇ ಬುಟ್ಟಿಯ ಆಕಾರಕ್ಕೆ ಸುತ್ತುತ್ತಾರೆ, ಗಾಳಿಗೆ ಗೊನೆ ಒಳಗೆ ಅಡಗಿರಲಿ ಅಂತ.

ಅದೇ ಯಜಮಾನ
ಜೂನ್, ಮೊದಲು ನಾಕ್ಸೊಸ್, ಆಮೇಲೆ ಪಿರ್ಗೊಸ್, ಇಯಾಗೆ ಕಾಲಿಡಲ್ಲ. ಈ ಷರತ್ತಿಗೆ ಒಪ್ಪಿದರೆ ನಾನೇ ಟಿಕೆಟ್ ಮಾಡ್ತೀನಿ.

ಮಳೆಬಿಲ್ಲು
ಇಯಾಗೆ ಬೆಳಗ್ಗೆ ಏಳು ಗಂಟೆಗೆ ಹೋಗೋದು. ಅದರ ಕೆಳಗಿನ ಪುಟ್ಟ ಬಂದರು ಅಮ್ಮೂದಿಗೆ ಮೆಟ್ಟಿಲಿಳಿದು ಈಜಿ, ಕ್ರೂಸಿನವರು ಮೇಲೆ ಬರೋಷ್ಟರಲ್ಲಿ ವಾಪಸು.

ಅದೇ ಯಜಮಾನ
ಆ ಮೆಟ್ಟಿಲು ವಾಪಸು ಹತ್ತೋದು ಯಾರು?

ಮಳೆಬಿಲ್ಲು
ಕತ್ತೆ ಅಂತೂ ಅಲ್ಲ. ನೂರು ಕೆಜಿ ನಿಯಮ ಇದೆಯಂತೆ, ಓದಿದ್ರಲ್ಲ.