ತಲೆಬುರುಡೆಯಿಂದ ಮುಖ ಮೂಡಿಸುವುದಕ್ಕೆ ಏನನ್ನೋಣ? ಶನಿವಾರದೊಳಗೆ ಬೇಕು

ಬಾಗಲಕೋಟೆಯಿಂದ:

ಗೆಳೆಯರೇ, ನಮ್ಮೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇದೆ. ಹಳೆಯ ಬುರುಡೆಗಳಿಂದ ಸತ್ತವರ ಮುಖ ಹೇಗೆ ಮೂಡಿಸುತ್ತಾರೆ ಎಂದು ತೋರಿಸಲು ಒಂದು ಗೋಡೆ ಪೂರ್ತಿ ಬಿಟ್ಟಿದ್ದಾರೆ. ಫಲಕಗಳ ಅನುವಾದ ನನ್ನ ಪಾಲಿಗೆ ಬಂದಿದೆ. ಹರಿಯಾಣದ ರಾಖಿಗಢಿಯ ಇಬ್ಬರು ಇದ್ದಾರೆ. ಸುಮಾರು 4500 ವರ್ಷ ಹಿಂದಿನವರು, 2019ರಲ್ಲಿ ಅವರ ಮುಖ ಹೊರಬಂತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ 2012ರಲ್ಲಿ ಸಿಕ್ಕ ದೊರೆ ಮೂರನೇ ರಿಚರ್ಡ್ ಇದ್ದಾನೆ. ಆಲ್ಪ್ಸ್ ಬೆಟ್ಟಗಳ ಹಿಮದಲ್ಲಿ ಹೆಣವಾಗಿ ಸಿಕ್ಕ ಆದಿಕಾಲದ ಮನುಷ್ಯ ಓಟ್ಸಿ ಇದ್ದಾನೆ. ಫ್ಲೆಕ್ಸ್ ಅಂಗಡಿಯವರು ಶನಿವಾರ ಬೆಳಿಗ್ಗೆ ಮ್ಯಾಟರ್ ಕೇಳಿದ್ದಾರೆ.

ಎರಡು ಇಂಗ್ಲಿಷ್ ಮಾತಿಗೆ ಕನ್ನಡ ಬೇಕು. ಒಂದು, ಫೇಶಿಯಲ್ ರೀಕನ್‌ಸ್ಟ್ರಕ್ಷನ್. ಇನ್ನೊಂದು, ಹಳೆ ಎಲುಬು ನೋಡಿ ರೋಗ ಕಂಡುಹಿಡಿಯುವ ಪ್ಯಾಲಿಯೊಪೆಥಾಲಜಿ. ಮೊದಲನೆಯದಕ್ಕೆ 'ಮುಖ ಪುನರ್ನಿರ್ಮಾಣ' ಎಂದು ಬರೆದಿದ್ದೆ. ಅಲ್ಲಿನ ಶಿಕ್ಷಕಿಯೊಬ್ಬರು ಓದಿ, 'ಇದು ಸುಟ್ಟ ಗಾಯಕ್ಕೆ ಮಾಡುವ ಆಪರೇಶನ್ ಅಲ್ವಾ?' ಅಂದರು. ಹೌದಲ್ಲ ಅನ್ನಿಸಿತು. ಎರಡನೆಯದಕ್ಕೆ 'ಅಸ್ಥಿ ಪರೀಕ್ಷೆ' ಹೊಳೆಯಿತು. ಆದರೆ ನಮ್ಮ ಜನಕ್ಕೆ ಅಸ್ಥಿ ಅಂದ ಕೂಡಲೇ ಹೊಳೆಯಲ್ಲಿ ಬಿಡುವ ಅಸ್ಥಿಯೇ ನೆನಪಾಗುತ್ತದೆ. ದಯವಿಟ್ಟು ಬೇಗ ಹೇಳಿ.

ಬೆಳಗಾವಿಯಿಂದ:

ಪುನಾರಚನೆ ಎನ್ನಿ. 'ಪುನರ್ರಚನೆ' ಬೇಡ, ಸಂಧಿ ತಪ್ಪು. ಪತ್ರಿಕೆಗಳು ದಿನಾ ಹಾಗೆ ಬರೆದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಮೈಸೂರಿನಿಂದ:

ಸಂಧಿಯ ತಲೆನೋವೇ ಬೇಡ. 'ಮೊಗಗಟ್ಟಣೆ' ಅನ್ನಿ. ಮೊಗ ನಮ್ಮದು, ಕಟ್ಟಣೆ ನಮ್ಮದು. ಇನ್ನೊಂದಕ್ಕೆ 'ಹಳೆಬೇನೆಯರಿಮೆ'. ಮೊದಮೊದಲು ಹೊಸದು ಅನ್ನಿಸುತ್ತದೆ, ನಾಲ್ಕು ಸಲ ಅಂದರೆ ನಾಲಿಗೆಗೆ ಕೂರುತ್ತದೆ. ಅಂದಹಾಗೆ, ನಿಮ್ಮ ಐಹೊಳೆಯ ಮೇಗುತಿ ಗುಡ್ಡದ ಕಲ್ಗೋರಿಗಳನ್ನು ಜನ 'ಮೊರೇರ ಮನೆ' ಅನ್ನುತ್ತಾರಲ್ಲ, ಅದೂ 'ಮೋರೆ'ಯಿಂದಲೇ ಬಂದಿರಬೇಕು. ಹಾಗಿದ್ದರೆ 'ಮೋರೆಗಟ್ಟಣೆ' ಇನ್ನೂ ಚೆನ್ನ.

ವಿಜಯಪುರದಿಂದ:

ಮೊರೇರಿಗೂ ಮೋರೆಗೂ ಸಂಬಂಧವಿಲ್ಲ. 'ಮೊರೇರ ಮನೆ' ಅಂದರೆ ಮೊರೇರು ಎಂಬ ಜನರ ಮನೆ. ಮೋರೆಯಿಂದ ಬಂದಿದ್ದರೆ 'ಮೋರೆಯ ಮನೆ' ಆಗುತ್ತಿತ್ತು. ಇದನ್ನು ಇಲ್ಲಿಗೇ ಬಿಡೋಣ.

ಮೊಗವೂ ತದ್ಭವವೇ. ಮುಖ ಬೇಡ, ಮೊಗ ಬೇಕು ಅಂದರೆ ಮಗಳನ್ನು ಒಳಗೆ ಕರೆದು ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಇನ್ನು ದ್ರಾವಿಡ ಪದಗಳ ನಿಘಂಟು ಮಾಡಿದ ಬರೋ ಅವರು 'ಮುಖ'ವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಎಂದಿದ್ದರು. ಹಾಗಿದ್ದರೆ ಸಾಲ ಕೊಟ್ಟವರು ಯಾರು, ತಂದವರು ಯಾರು?

ನನ್ನ ತಕರಾರು ಬೇರೆ. ನಿರ್ಮಾಣ, ರಚನೆ, ಕಟ್ಟಣೆ, ಈ ಮೂರೂ ಒಂದೇ ತಪ್ಪು ಮಾಡುತ್ತವೆ. ಸತ್ತವನ ಮುಖ ಇದ್ದ ಹಾಗೇ ಮರಳಿ ಬಂತು ಅಂತ ಮಕ್ಕಳು ತಿಳಿಯುತ್ತಾರೆ. ಕೆಲಸ ನಡೆಯುವುದು ಹಾಗಲ್ಲ. ಹಣೆ, ಕೆನ್ನೆ, ಗದ್ದ, ಹೀಗೆ ಗೊತ್ತಾದ ಜಾಗಗಳಲ್ಲಿ ಚರ್ಮ ಮಾಂಸ ಎಷ್ಟು ದಪ್ಪ ಇರುತ್ತದೆ ಎಂದು ಬೇರೆಯವರ ಮೇಲೆ ಅಳೆದಿರುತ್ತಾರೆ. ಅದರ ಸರಾಸರಿ ತೆಗೆದು, ಬುರುಡೆಗೆ ಅಷ್ಟುದ್ದದ ಮೊಳೆ ಅಂಟಿಸಿ, ಮೇಲೆ ಜೇಡಿಮಣ್ಣು ತುಂಬುತ್ತಾರೆ. ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ. 1895ರಲ್ಲೇ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ಹಿಸ್ ಹೆಣಗಳ ಮೇಲೆ ಅಳತೆ ತೆಗೆದು, ಒಬ್ಬ ಶಿಲ್ಪಿಯಿಂದ ಸಂಗೀತಗಾರ ಬಾಖ್‌ನ ಮುಖ ಮಾಡಿಸಿದ್ದ. ಆದರೆ ಕಿವಿ, ತುಟಿ, ಮೂಗಿನ ತುದಿ ಎಲುಬಿನಲ್ಲಿ ಇರುವುದಿಲ್ಲ. ಬಣ್ಣ, ಕೂದಲು ಮೊದಲೇ ಇಲ್ಲ.

ನಿಮ್ಮ ಓಟ್ಸಿಯನ್ನೇ ನೋಡಿ. 2011ರಲ್ಲಿ ಮಾಡಿದ ಮೂರ್ತಿಗೆ ಉದ್ದ ಕೂದಲು ಇತ್ತು. 2023ರಲ್ಲಿ ಅವನ ಡಿಎನ್‌ಎ ಮತ್ತೆ ಓದಿದಾಗ ಮೈಬಣ್ಣ ಇನ್ನೂ ಕಪ್ಪಿತ್ತು, ತಲೆ ಬೋಳಾಗಿದ್ದಿರಬೇಕು ಎಂದು ತಿಳಿಯಿತು. ಈಜಿಪ್ಟಿನ ಹಳೆಯ ದೊರೆ ಟುಟಾಂಖಾಮನ್‌ನ ಸಿಟಿ ಸ್ಕ್ಯಾನ್ ಇಟ್ಟುಕೊಂಡು 2005ರಲ್ಲಿ ಮೂರು ತಂಡಗಳು ಕೂತವು. ಬುರುಡೆ ಒಂದೇ, ಮುಖ ಮೂರು ಬಂದವು.

ಹಾಗಾಗಿ 'ಬುರುಡೆಯಿಂದ ಚಹರೆ ಅಂದಾಜು' ಎನ್ನಿ. ಕಾಣೆಯಾದವರ ಪ್ರಕಟಣೆ ಓದಿರುತ್ತೀರಿ. 'ಚಹರೆ: ಕೋಲು ಮುಖ, ಸಾದಗಪ್ಪು ಬಣ್ಣ, ಸಾಧಾರಣ ಮೈಕಟ್ಟು.' ಚಹರೆ ಅಂದರೆ ಗುರುತು ಹಿಡಿಯಲು ಸಾಕಾಗುವಷ್ಟು ಮುಖ. ಈ ವಿದ್ಯೆ ಕೊಡುವುದೂ ಅಷ್ಟನ್ನೇ. ಸುಮ್ನೆ ಹೊಸ ಪದ ಯಾಕೆ ಕಟ್ಟಬೇಕು?

ಎರಡನೆಯದಕ್ಕೆ 'ಹಳೆ ಎಲುಬಿನ ರೋಗಪತ್ತೆ' ಸಾಕು. ರಿಚರ್ಡ್‌ನ ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು, ಅವನ ಹೊಟ್ಟೆಯ ಭಾಗದ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಸಿಕ್ಕವು. ಇದನ್ನು ಓದುವ ಹುಡುಗನಿಗೆ ರೋಗಪತ್ತೆ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನಿಂದ:

ಚಹರೆ ಫಾರ್ಸಿ, ಅಂದಾಜು ಫಾರ್ಸಿ. ಇಡೀ ಹೆಸರಿನಲ್ಲಿ ಕನ್ನಡ ಉಳಿದದ್ದು ಬುರುಡೆ ಒಂದೇ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ. ಅಂದಾಜಿಗೆ 'ಎಣಿಕೆ' ಇಲ್ಲವೇ?

ವಿಜಯಪುರದಿಂದ:

ಎಣಿಕೆ ಅಂದರೆ ಮತ ಎಣಿಕೆ ನೆನಪಾಗುತ್ತದೆ. ನಮ್ಮೂರನ್ನು ಆದಿಲಶಾಹಿಗಳು 1490ರಿಂದ 1686ರವರೆಗೆ ಆಳಿದರು. ಜಮೀನು, ದಾಖಲೆ, ವಕೀಲ, ತಕರಾರು, ಇವನ್ನೆಲ್ಲ ಹೊರಗೆ ಹಾಕಿದರೆ ನಮ್ಮ ಇಂಡಿ ತಾಲೂಕಿನ ರೈತ ಕೋರ್ಟಿನಲ್ಲಿ ಬಾಯಿ ಬಿಡುವ ಹಾಗಿಲ್ಲ. ಅವನಿಗೆ ಅಂದಾಜು ಪರಭಾಷೆಯಲ್ಲ. ಅಪ್ಪಟ ನಮ್ಮ ಮಾತೇ ಬೇಕೆಂದರೆ 'ಮಾರಿ' ಇದೆ. ನಾವು ದಿನಾ ಬೆಳಿಗ್ಗೆ ಮಾರಿ ತೊಳೆಯುತ್ತೇವೆ. ಫಲಕದ ಮೇಲೆ ಅದನ್ನು ಬರೆದರೆ ನಿಮ್ಮ ಕಡೆಯವರು ಮಾರಮ್ಮ ಅಂದುಕೊಳ್ಳುತ್ತಾರೆ. ಅದಕ್ಕೇ ಬಿಟ್ಟೆ.

ಬೆಳಗಾವಿಯಿಂದ:

ಫಾರ್ಸಿ ಬಗ್ಗೆ ಜಗಳ ಆಮೇಲೆ. 'ಬುರುಡೆಯಿಂದ ಅಂದಾಜು' ಅಂದರೆ ಬುರುಡೆ ಬಿಟ್ಟ ಹಾಗೆ ಕೇಳುತ್ತದೆ. 'ತಲೆಬುರುಡೆ' ಎಂದು ಪೂರ್ತಿ ಬರೆಯಿರಿ.

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. 'ತಲೆಬುರುಡೆಯಿಂದ ಚಹರೆ ಅಂದಾಜು' ಎಂದೇ ಅಂಗಡಿಗೆ ಕಳಿಸಿದೆ. ಪ್ರತಿ ಮುಖದ ಕೆಳಗೆ 'ಕಿವಿ, ತುಟಿ, ಕೂದಲು ಊಹೆ' ಎಂಬ ಸಾಲೂ ಸೇರಿಸಿದ್ದೇನೆ. ಮೈಸೂರಿನವರೇ, ಐಹೊಳೆಯ ಫಲಕಕ್ಕೆ ನಿಮ್ಮ 'ಕಲ್ಗೋರಿ' ತೆಗೆದುಕೊಂಡೆ. ಅದು ಓದಿದ ಕೂಡಲೇ ತಿಳಿಯುತ್ತದೆ.