ಪದ ಬೇಕು: ‘ನೋಟಾರಿಯೊ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಒಂದು ಅನುವಾದ ಕೊಡಬೇಕು. ಅಮೆರಿಕಕ್ಕೆ ಹೋದ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಜನ ಇಂಗ್ಲಿಷ್ ಬಾರದೆ ಪಡುವ ಪಾಡಿನ ಲೇಖನ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ನೋಟಾರಿಯೊ’. ಮೆಕ್ಸಿಕೊದಲ್ಲಿ ನೋಟಾರಿಯೊ ಅಂದರೆ ಭಾರೀ ಗೌರವದ ಹುದ್ದೆ. ಕಾನೂನು ಓದಿ, ಪರೀಕ್ಷೆ ಪಾಸಾಗಿ ಬಂದವರು. ಅಮೆರಿಕದ ನೋಟರಿ ಹಾಗಲ್ಲ. ನಿಮ್ಮ ಸಹಿ ನಿಮ್ಮದೇ ಎಂದು ನೋಡಿ ಮುದ್ರೆ ಒತ್ತುವವನು, ಅಷ್ಟೇ. ಬ್ಯಾಂಕಿನ ಗುಮಾಸ್ತನೂ ಆಗಿರಬಹುದು. ಅಂಗಡಿ ಮುಂದೆ ‘ನೋಟಾರಿಯೊ’ ಬೋರ್ಡು ಕಂಡವರು ವಕೀಲನೇ ಅಂದುಕೊಂಡು ದುಡ್ಡು ಕೊಡುತ್ತಾರೆ. ಅವನು ಹಾಕಬಾರದ ಅರ್ಜಿ ಹಾಕುತ್ತಾನೆ. ಆಮೇಲೆ ಇಂಗ್ಲಿಷಿನಲ್ಲಿ ನೋಟಿಸು. ಅದನ್ನು ಓದಲಾಗದೆ ವಿಚಾರಣೆ ತಪ್ಪಿಸಿಕೊಂಡರೆ, ಆಳು ಇಲ್ಲದೆಯೇ ಗಡಿಪಾರಿನ ಆದೇಶ ಆಗಿಬಿಡಬಹುದು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೋಟರಿಗಳು ಜಾಹೀರಾತಿನಲ್ಲಿ ಆ ಸ್ಪ್ಯಾನಿಷ್ ಹೆಸರು ಹಾಕಿಕೊಳ್ಳುವಂತಿಲ್ಲ ಅಂತ ಕಾನೂನೇ ಇದೆ.

ನಾನು ‘ನೋಟರಿ’ ಅಂತಲೇ ಬರೆದರೆ ನಮ್ಮ ಓದುಗರೂ ಅದೇ ಗುಂಡಿಗೆ ಬೀಳುತ್ತಾರೆ. ನಮ್ಮ ಕೋರ್ಟಿನ ಮುಂದೆ ಕರಿ ಕೋಟು ಹಾಕಿ ಕೂತಿರುವ ನೋಟರಿ ವಕೀಲರೇ ಅಲ್ವಾ?

ಎರಡನೆಯದು ‘ಸಿನ್ ಪಪೆಲೆಸ್’, ಅಂದರೆ ಕಾಗದ ಇಲ್ಲದವರು. ಪತ್ರಿಕೆಗಳ ‘ಅಕ್ರಮ ವಲಸಿಗ’ ದಯವಿಟ್ಟು ಬೇಡ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೂಡ ಮನುಷ್ಯರಿಗೆ ‘ಅಕ್ರಮ’ ಹಚ್ಚುವುದನ್ನು 2013ರಲ್ಲೇ ಬಿಟ್ಟಿದೆ.

— ಬೆಂಗಳೂರಿನಿಂದ

*

ಸೇನಬೋವ. ಶಾಸನಗಳ ಕೊನೆಯಲ್ಲಿ ನೋಡಿ, ಬರೆದವನು ಸೇನಬೋವ. ಅದೇ ಸವೆದು ಶಾನುಭೋಗ ಆಯಿತು. ಮನೆಯಲ್ಲಿ ಇಟ್ಟುಕೊಂಡು ಊರಲ್ಲಿ ಸಾಲ ಕೇಳುವುದೇಕೆ? ಎರಡನೆಯದಕ್ಕೆ ‘ಓಲೆಯಿಲ್ಲದವರು’. ‘ಕಾಗದ’ ಪಾರಸಿಯದು, ನೆನಪಿರಲಿ.

— ಮೈಸೂರು

*

ರಾಯರೇ, ‘ಓಲೆಯಿಲ್ಲದವರು’ ಅಂದರೆ ನಮ್ಮ ಕಡೆ ಕಿವಿ ಬೋಳಾದ ಹೆಣ್ಣುಮಕ್ಕಳು ಅಂದುಕೊಳ್ಳುತ್ತಾರೆ. ಬೆಂಗಳೂರಿನವರಿಗೆ: ‘ವಲಸಿಗ’ನೇ ಯಾಕೆ? ‘ಗುಳೆ ಹೋದವರು’ ಅನ್ನಿ. ಜೀವ ಇರುವ ಮಾತು.

— ರಾಯಚೂರು

*

ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ಬರುತ್ತಾರೆ. ಇವರು ಒಮ್ಮೆ ಗಡಿ ದಾಟಿ ಹೋದರೆ ತಿರುಗಿ ಬರುವುದು ಸುಲಭವಲ್ಲ. ಆ ಪದ ಕೂರುವುದಿಲ್ಲ.

ಇಲ್ಲಿ ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸಲು ಬರುವ ಒಬ್ಬರು ಜೇಬಿನಲ್ಲಿ ತಮ್ಮ ಹಕ್ಕುಗಳನ್ನು ಬರೆದ ಕೆಂಪು ಕಾರ್ಡು ಇಟ್ಟುಕೊಂಡಿರುತ್ತಾರೆ. ‘ಲಾ ಮಿಗ್ರಾ’ ಬಂದರೆ ತೋರಿಸಲು. ವಲಸೆ ಪೊಲೀಸರಿಗೆ ಅವರು ಹೇಳುವುದೇ ಹಾಗೆ. ಒಂದು ಬದಿ ಸ್ಪ್ಯಾನಿಷ್, ಅದು ಅವರಿಗೆ. ಇನ್ನೊಂದು ಬದಿ ಇಂಗ್ಲಿಷ್, ಅದು ಅಧಿಕಾರಿಗೆ. ತಾವು ಹೇಳುವ ಮಾತನ್ನು ತಾವೇ ಓದಲಾರರು! ಜೊತೆಗೆ ಬರುವ ಹುಡುಗ ಗ್ವಾಟೆಮಾಲಾದವನು. ಮನೆಮಾತು ಮಾಮ್, ಸ್ಪ್ಯಾನಿಷೂ ಅರೆಬರೆ. ಅವನಿಗೆ ಎರಡು ಬದಿಯೂ ಒಂದೇ. ಸರ್ಕಾರಿ ಕಚೇರಿಗಳು ಇಂಗ್ಲಿಷ್ ಬಾರದವರಿಗೆ ಭಾಷಾ ನೆರವು ಕೊಡಬೇಕೆಂಬ 2000ದ ಆದೇಶವಿತ್ತು. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿ ಅದನ್ನೂ ತೆಗೆದರು.

ಲೇಖನದಲ್ಲಿ ‘ವಾರಂಟ್’ ಬಂದರೆ ಹುಷಾರು. ನ್ಯಾಯಾಧೀಶರು ಸಹಿ ಹಾಕಿದ್ದೂ ವಾರಂಟೇ, ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ್ದೂ ವಾರಂಟೇ. ಬಾಗಿಲು ತೆಗೆಯಬೇಕೋ ಬೇಡವೋ ಅನ್ನುವುದು ಆ ಸಹಿಯ ಮೇಲೆ ನಿಂತಿದೆ.

— ಟೆಕ್ಸಾಸಿನಿಂದ

*

ವಾರಂಟ್ ಅನ್ಯಭಾಷೆಯದು. ‘ಹಿಡಿಯಾಣತಿ’ ಎನ್ನಿ. ಸಂಸ್ಕೃತ, ಪಾರಸಿ, ಇಂಗ್ಲಿಷ್ ಮೂರರ ಹಂಗೂ ಬೇಡ.

— ಮೈಸೂರು

*

‘ಆಣತಿ’ ಸಂಸ್ಕೃತದ ತದ್ಭವ.

— ರಾಯಚೂರು

*

ಸವೆದು ನಮ್ಮದಾಗಿದೆ. ಅದು ಬೇರೆ.

— ಮೈಸೂರು

*

‘ಕಾಗದ’ ಸವೆದಿಲ್ವಾ? ನಮ್ಮಜ್ಜಿ ಓದು ಬಾರದವರು. ಮಗನಿಗೆ ಬರೆಸುತ್ತಿದ್ದದ್ದು ಕಾಗದವೇ, ಓಲೆ ಅಲ್ಲ.

— ರಾಯಚೂರು

*

ಎಲ್ಲರಿಗೂ ಥ್ಯಾಂಕ್ಸ್. ‘ಕಾಗದಪತ್ರ ಇಲ್ಲದವರು’ ಅಂತಲೇ ಇಟ್ಟೆ. ‘ಸೇನಬೋವ’ ಬಿಟ್ಟೆ. ಅದನ್ನು ಹಾಕಿದರೆ ಅದಕ್ಕೇ ಒಂದು ಟಿಪ್ಪಣಿ ಬೇಕು. ಬೋರ್ಡಿನ ಮೇಲೆ ಇರುವುದು ‘ನೋಟಾರಿಯೊ’ ಆದ್ದರಿಂದ ಅಲ್ಲಿ ಹಾಗೇ ಬಿಟ್ಟು, ಒಳಗೆ ಕೂತವನಿಗೆ ‘ಮುದ್ರೆ ಒತ್ತುವವ’ ಅಂದಿದ್ದೇನೆ. ವಾರಂಟ್ ಎರಡು: ‘ಕೋರ್ಟ್ ವಾರಂಟ್’, ‘ಇಲಾಖೆ ವಾರಂಟ್’. ಟೆಕ್ಸಾಸಿನವರೇ, ಆ ಸಹಿಯ ಮಾತು ನೀವು ಹೇಳದಿದ್ದರೆ ಎರಡನ್ನೂ ಒಂದೇ ಮಾಡಿಬಿಡುತ್ತಿದ್ದೆ.

— ಬೆಂಗಳೂರಿನಿಂದ

*

ನಿಮ್ಮಿಷ್ಟ. ‘ಬೋರ್ಡು’ ಅಂತ ಎರಡು ಕಡೆ ಬರೆದಿದ್ದೀರಿ. ಹಲಗೆ.

— ಮೈಸೂರು