ಊಡ್ನಡಾಟಾ ಟ್ರ್ಯಾಕ್‌ನಲ್ಲಿ ಕ್ವಾಡ್ ಬೈಕ್: ಗಾಲಿಕುರ್ಚಿ ಬಳಸುವ ಇಬ್ಬರ ಪ್ರಯಾಣಕ್ಕೆ ಸಲಹೆ ಬೇಕು

ಪ್ರಶ್ನೆ: ಅಡಿಲೇಡ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು, ಹನ್ನೊಂದು ವರ್ಷಗಳಿಂದ ಅಡಿಲೇಡ್‌ನಲ್ಲಿದ್ದೇನೆ. ಆರು ವರ್ಷಗಳ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಟಿ12 ಮಟ್ಟದಲ್ಲಿ, ಅಂದರೆ ಎದೆಭಾಗದ ಕೊನೆಯ ಬೆನ್ನೆಲುಬಿನ ಬಳಿ, ಪೆಟ್ಟಾಯಿತು. ಅಂದಿನಿಂದ ನನ್ನ ಓಡಾಟವೆಲ್ಲ ಗಾಲಿಕುರ್ಚಿಯಲ್ಲೇ. ಚಿಕಿತ್ಸೆಯ ದಿನಗಳಲ್ಲಿ ಪರಿಚಯವಾದ ಇಲ್ಲಿನ ಗೆಳೆಯನೊಬ್ಬನಿಗೆ ಪೆಟ್ಟಾಗಿರುವುದು ಇನ್ನೂ ಮೇಲೆ, ಎದೆಯ ಮಟ್ಟದ ಟಿ5ರಲ್ಲಿ.

ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮರ್ರೀಯಿಂದ ಮಾರ್ಲಾವರೆಗಿನ ಸುಮಾರು 620 ಕಿ.ಮೀ. ಉದ್ದದ ಊಡ್ನಡಾಟಾ ಟ್ರ್ಯಾಕನ್ನು ಇಬ್ಬರೂ ಒಂದೊಂದು ಕ್ವಾಡ್ ಬೈಕ್ (ನಾಲ್ಕು ಚಕ್ರದ ತೆರೆದ ಬೈಕ್) ಓಡಿಸಿಕೊಂಡು ಮುಗಿಸಬೇಕೆಂಬುದು ನಮ್ಮ ಬಹುದಿನದ ಆಸೆ. ಕ್ವಾಡ್‌ನಲ್ಲಿ ವೇಗಕ್ಕೆ ಹೆಬ್ಬೆರಳು ಸಾಕು, ಬ್ರೇಕು ಕೈಯಲ್ಲೇ ಇರುತ್ತದೆ, ಗೇರ್ ಬದಲಿಸುವ ಕಷ್ಟವೂ ಬಹುತೇಕ ಇಲ್ಲ. ಆದ್ದರಿಂದ ಇದು ನಮಗೆ ಹೇಳಿ ಮಾಡಿಸಿದ ವಾಹನವೆಂದು ತೋರುತ್ತದೆ. ಗಾಲಿಕುರ್ಚಿ, ಡೇರೆ, ನೀರು ಹೊತ್ತ ಜೀಪಿನಲ್ಲಿ ನನ್ನ ತಮ್ಮ ಹಿಂದೆಯೇ ಬರುತ್ತಾನೆ. ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬಹುದು, ನಾವು ಯಾವುದನ್ನು ಮರೆತಿದ್ದೇವೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಪೋರ್ಟ್ ಅಗಸ್ಟಾ ನಿವಾಸಿ

ಮೊದಲು ಕಾನೂನಿನ ಮಾತು. ಊಡ್ನಡಾಟಾ ಟ್ರ್ಯಾಕ್ ಮಣ್ಣುರಸ್ತೆಯಾದರೂ ಸಾರ್ವಜನಿಕ ರಸ್ತೆಯೇ. ಆಸ್ಟ್ರೇಲಿಯಾದಲ್ಲಿ ಕ್ವಾಡ್ ಬೈಕ್‌ಗೆ ಕಾರು, ಮೋಟಾರ್ ಸೈಕಲ್‌ಗಳಿಗೆ ಸಿಗುವಂತಹ ಸಾಮಾನ್ಯ ನೋಂದಣಿ ಸಿಗುವುದಿಲ್ಲ. ಕೃಷಿ ಕೆಲಸದಂತಹ ಸೀಮಿತ ಉದ್ದೇಶಕ್ಕೆ ಷರತ್ತಿನ ಮೇಲೆ ಕೊಡುವುದುಂಟು, ಅದರ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದ್ದರಿಂದ ಟ್ರ್ಯಾಕ್ ಉದ್ದಕ್ಕೂ ಜೀಪಿನಲ್ಲಿ ಹೋಗಿ, ಕ್ವಾಡ್‌ಗಳನ್ನು ಟ್ರೇಲರ್‌ನಲ್ಲಿ ಒಯ್ದು, ಅಕ್ಕಪಕ್ಕದ ಸ್ಟೇಷನ್‌ಗಳಲ್ಲಿ, ಅಂದರೆ ದನಗಾವಲುಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದು ಓಡಿಸುವುದೇ ಸರಿಯಾದ ದಾರಿ. ಅಲ್ಲಿನ ಒಂದೊಂದು ಗಾವಲೂ ನಮ್ಮ ತಾಲ್ಲೂಕುಗಳನ್ನು ಮೀರಿಸುವಷ್ಟು ವಿಶಾಲ; ಸಾಹಸಕ್ಕೆ ಜಾಗದ ಕೊರತೆಯಿಲ್ಲ.

ಇಲ್ಲಿ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಿ. ಬೇಸಿಗೆಯನ್ನು ಯೋಚಿಸಲೇಬೇಡಿ, 1960ರ ಜನವರಿ 2ರಂದು ಊಡ್ನಡಾಟಾದಲ್ಲಿ 50.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಮರ್ರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾಗಳ ನಡುವೆ ಒಂದೊಂದು ಹಂತವೂ ಸುಮಾರು 200 ಕಿ.ಮೀ.; ಇಂಧನ ಸಿಗುವುದು ಈ ಊರುಗಳಲ್ಲಿ ಮಾತ್ರ. ಮಳೆ ಬಿದ್ದರೆ ರಸ್ತೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದವರಿಗೆ ದಂಡ ಹಾಕುತ್ತಾರೆ. ಹಾಗಾಗಿ ಕೈಯಲ್ಲಿ ಮೂರು ನಾಲ್ಕು ದಿನ ಹೆಚ್ಚಿಗೆ ಇರಲಿ.

ಉತ್ತರ 2: ಮಣ್ಣುದಾರಿ

ನಾನೂ ಗಾಲಿಕುರ್ಚಿ ಬಳಸುವವನೇ (ಗಾಯ ಎಲ್1, ಅಂದರೆ ಟಿ12ರ ಕೆಳಗಿನ ಬೆನ್ನೆಲುಬಿನ ಮಟ್ಟದಲ್ಲಿ), ಕ್ವೀನ್ಸ್‌ಲ್ಯಾಂಡ್‌ನ ಗಾವಲೊಂದರಲ್ಲಿ ನಾಲ್ಕು ಚಳಿಗಾಲ ಕ್ವಾಡ್ ಓಡಿಸಿದ್ದೇನೆ. ಕೈಯಲ್ಲೇ ಎಲ್ಲವೂ ಇದೆ ಎಂಬ ನಿಮ್ಮ ಮಾತು ಅರ್ಧ ಮಾತ್ರ ನಿಜ. ಕ್ವಾಡನ್ನು ನಿಜವಾಗಿ ಹತೋಟಿಯಲ್ಲಿಡುವುದು ಸವಾರನ ಮೈಭಾರ: ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ತಿರುವಿನಲ್ಲಿ ಒಳಬದಿಗೆ ವಾಲಬೇಕು, ವಾಲುವಾಗ ತೊಡೆಗಳಿಂದ ಸೀಟನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಟಿ12 ಆದ ನಿಮಗೆ ಸೊಂಟದ ಮೇಲಿನ ಹಿಡಿತ ಬಹುಪಾಲು ಉಳಿದಿರುತ್ತದೆ, ತೊಡೆಯ ಹಿಡಿತ ಇರುವುದಿಲ್ಲ. ಟಿ5 ಆದ ನಿಮ್ಮ ಗೆಳೆಯರಿಗೆ ಎರಡೂ ಇರುವುದಿಲ್ಲ. ಹಾಗೆಂದು ಬೆಲ್ಟ್ ಬಿಗಿದು ಮೈಯನ್ನು ಸೀಟಿಗೆ ಕಟ್ಟಿಕೊಂಡರೆ, ಬಂಡಿ ಮಗುಚಿದಾಗ ಅದರ ಅಡಿಯಿಂದ ಸಿಡಿದು ಪಾರಾಗುವ ಅವಕಾಶವೂ ಹೋಗುತ್ತದೆ. 2021ರ ಅಕ್ಟೋಬರ್ 11ರಿಂದ ಇಲ್ಲಿ ಮಾರುವ ಸಾಮಾನ್ಯ ಬಳಕೆಯ ಪ್ರತಿ ಹೊಸ ಕ್ವಾಡ್‌ಗೂ ಹಿಂಬದಿಯಲ್ಲಿ ರಕ್ಷಣಾ ಕಂಬಿ ಇರಲೇಬೇಕೆಂಬ ನಿಯಮವಿದೆ. ಆದರೆ ಆ ಕಂಬಿ ಬಂಡಿಯ ಅಡಿ ಒಂದಿಷ್ಟು ಜಾಗ ಉಳಿಸಿಕೊಡುತ್ತದೆಯೇ ಹೊರತು ಸವಾರನನ್ನು ಹಿಡಿದಿಡುವುದಿಲ್ಲ.

ಅದಕ್ಕಾಗಿ ನಿಮ್ಮಿಬ್ಬರಿಗೂ ನಾನು ಹೇಳುವುದು ಸೈಡ್-ಬೈ-ಸೈಡ್ (ಅಕ್ಕಪಕ್ಕ ಕೂರುವ ಆಸನಗಳ ಪುಟ್ಟ) ವಾಹನ: ಅದೇ ಬಗೆಯ ಟೈರು, ಅದೇ ತೆರೆದ ಗಾಳಿ, ಆದರೆ ತಲೆಯ ಮೇಲೆ ಉಕ್ಕಿನ ಪಂಜರ, ಬೆನ್ನಿಗೆ ಒರಗು, ಭುಜದ ಮೇಲಿಂದ ಬರುವ ಪಟ್ಟಿ. ಅದರ ಪೆಡಲ್‌ಗಳಿಗೆ ಕೈಯಿಂದ ನಡೆಸುವ ಸನ್ನೆಗೋಲು (ಲಿವರ್) ಜೋಡಿಸಬೇಕಾಗುತ್ತದೆ, ಅಷ್ಟೆ. ಗಾಲಿಕುರ್ಚಿಯಿಂದ ಒಂದಡಿಗೂ ಮೇಲಿರುವ ಕ್ವಾಡ್ ಸೀಟಿಗೆ ದಿನಕ್ಕೆ ಎಂಟು ಹತ್ತು ಬಾರಿ ಮೈಯನ್ನು ಎತ್ತಿ ಎತ್ತಿ ನನ್ನ ಎಡಭುಜ ಹಾಳಾಗಿದೆ. ಭುಜ ಹೋದರೆ ನಮಗೆ ಕಾಲು ಎರಡನೆಯ ಸಲ ಹೋದಂತೆ.

ಉತ್ತರ 3: ಶುಶ್ರೂಷಕಿ, ಮೆಲ್ಬರ್ನ್

ಸರ್, ಬೆನ್ನುಹುರಿ ಗಾಯಗೊಂಡವರ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ನಿಮ್ಮ ದಿನದ ದೂರವನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಚರ್ಮ. ಆ ರಸ್ತೆಗಳ ಮೇಲ್ಮೈ ತಗಡಿನ ಶೀಟಿನಂತೆ ಏರಿಳಿತಗಳಿಂದ ತುಂಬಿರುತ್ತದೆ. ಗಂಟೆಗಟ್ಟಲೆ ಅದರ ನಡುಕದಲ್ಲಿ ಕುಳಿತರೆ ಪೃಷ್ಠದ ಮೂಳೆ ಮತ್ತು ಚರ್ಮದ ನಡುವಿನ ಮಾಂಸ ಒತ್ತಡಕ್ಕೂ ಉಜ್ಜುವಿಕೆಗೂ ಒಟ್ಟಿಗೆ ಸಿಕ್ಕುತ್ತದೆ. ಸ್ಪರ್ಶಜ್ಞಾನ ಇಲ್ಲದ ಕಡೆ ನೋವು ಎಚ್ಚರಿಸುವುದಿಲ್ಲ. ಕುರ್ಚಿಯಲ್ಲಿ ಹದಿನೈದು ಮೂವತ್ತು ನಿಮಿಷಕ್ಕೊಮ್ಮೆ ಮೈ ಎತ್ತುವ ಅಭ್ಯಾಸವನ್ನು ಅಲ್ಲಿಯೂ ಬಿಡಬೇಡಿ, ಅದಕ್ಕೆಂದೇ ಬಂಡಿ ನಿಲ್ಲಿಸಿ. ಪ್ರತಿ ರಾತ್ರಿ ಕನ್ನಡಿ ಹಿಡಿದು ನೋಡಿಕೊಳ್ಳಿ; ಕೆಂಪು ಕಲೆ ಕಂಡರೆ, ಅದು ಪೂರ್ತಿ ಮಾಯವಾಗುವವರೆಗೆ ಆ ಜಾಗದ ಮೇಲೆ ಕೂರಬೇಡಿ. ಮನೆಯ ಗಾಳಿದಿಂಬನ್ನು ಕ್ವಾಡ್ ಸೀಟಿನ ಮೇಲಿಟ್ಟರೆ ಚರ್ಮಕ್ಕೆ ಹಿತವೆನಿಸಿದರೂ ನೀವು ಇನ್ನಷ್ಟು ಎತ್ತರದಲ್ಲಿ, ಅಲುಗಾಡುವ ಆಸನದ ಮೇಲೆ ಕುಳಿತಂತಾಗುತ್ತದೆ. ಎಂಜಿನ್ನಿನ ಬಿಸಿ ತಗುಲಿ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ, ದಪ್ಪನೆಯ ಪ್ಯಾಂಟು ಮತ್ತು ಬೂಟು ಇರಲಿ.

ನಿಮ್ಮ ಗೆಳೆಯರ ವಿಷಯದಲ್ಲಿ ಇನ್ನೆರಡು ಮಾತು. ಟಿ5 ಗಾಯದಲ್ಲಿ ಮೈಯ ಬಹುಭಾಗ ಬೆವರುವುದಿಲ್ಲವಾದ್ದರಿಂದ ಚಳಿಗಾಲದ ಮಧ್ಯಾಹ್ನದಲ್ಲಿಯೂ ಅವರ ಮೈ ಕಾವೇರಬಹುದು. ನೀರು ಚಿಮುಕಿಸುವ ಬಾಟಲಿ ಮತ್ತು ಒದ್ದೆ ಬಟ್ಟೆ ಕೈಗೆಟಕುವಂತಿರಲಿ. ಟಿ6 ಮತ್ತು ಅದರ ಮೇಲಿನ ಗಾಯಗಳಲ್ಲಿ ಮೂತ್ರಕೋಶ ತುಂಬಿಕೊಂಡರೆ ಅಥವಾ ಮೂತ್ರ ಹೊರತರುವ ಕ್ಯಾಥೆಟರ್ ನಳಿಕೆ ಮಡಚಿಕೊಂಡರೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಅಪಾಯಕರವಾಗಿ ಏರಬಹುದು. ಸಿಡಿಯುವ ತಲೆನೋವು, ಕೆಂಪಾದ ಮುಖ, ಗಾಯದ ಮೇಲ್ಭಾಗದಲ್ಲಿ ಬೆವರು ಇದರ ಗುರುತುಗಳು. ಅವರನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಗಿ ಉಡುಪು ಸಡಿಲಿಸಿ, ನಳಿಕೆ ಸರಿಪಡಿಸಿ, ಕೂಡಲೇ ವೈದ್ಯಕೀಯ ನೆರವು ಕೋರಬೇಕು. ಜೀಪ್ ಓಡಿಸುವ ನಿಮ್ಮ ತಮ್ಮ ಇದನ್ನು ಮೊದಲೇ ಕಲಿತಿರಲಿ. 1928ರಲ್ಲಿ ಶುರುವಾದ, ವಿಮಾನದಲ್ಲಿ ಬರುವ ಫ್ಲೈಯಿಂಗ್ ಡಾಕ್ಟರ್ ಸೇವೆ ಆ ಸೀಮೆಯ ಜೀವನಾಡಿ, ಆದರೆ ವಿಮಾನ ಬರುವವರೆಗಿನ ಹೊತ್ತು ನಿಮ್ಮದೇ ಜವಾಬ್ದಾರಿ. ಊರು ದಾಟಿದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಉಪಗ್ರಹ ಫೋನ್ ಇಲ್ಲದೆ ಹೊರಡಬೇಡಿ. ಪದೇ ಪದೇ ಕ್ಯಾಥೆಟರ್ ಹಾಕಿಕೊಳ್ಳುವುದನ್ನು ತಪ್ಪಿಸಲೆಂದು ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನಿಸಿದವರ ಪ್ರತಿಕ್ರಿಯೆ

ಮೇಡಂ ಅವರಿಗೂ ಉಳಿದವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲವನ್ನೂ ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಸನ್ನೆಗೋಲನ್ನು ಎಡಗೈಗೆ ಜೋಡಿಸಲು ಆಗುತ್ತದೆಯೇ ಎಂದಷ್ಟೇ ಕೇಳಿದ. ಟ್ರ್ಯಾಕನ್ನು ಜೀಪಿನಲ್ಲಿ ಕ್ರಮಿಸಿ, ದಾರಿಯ ಎರಡು ಗಾವಲುಗಳಲ್ಲಿ ಮೂರು ಮೂರು ದಿನ ಸೈಡ್-ಬೈ-ಸೈಡ್ ಓಡಿಸುವುದೆಂದು ತೀರ್ಮಾನಿಸಿದ್ದೇವೆ. ಮೊದಲ ದಿನದ ಮಿತಿ 20 ಕಿ.ಮೀ.; ಮರುದಿನದ ಲೆಕ್ಕವನ್ನು ರಾತ್ರಿ ಕನ್ನಡಿ ನೋಡಿದ ಮೇಲೆಯೇ ಮಾಡುತ್ತೇವೆ.

ಉತ್ತರ 4: ಮಣ್ಣುದಾರಿ

ಎಡಗೈಗೂ ಜೋಡಿಸುತ್ತಾರೆ, ಸನ್ನೆಗೋಲಿನ ಎತ್ತರವನ್ನು ಗೆಳೆಯರನ್ನು ಸೀಟಿನಲ್ಲಿ ಕೂರಿಸಿಯೇ ಅಳೆಯಲು ಹೇಳಿ. ಹಾಗೆಯೇ ಗಾಲಿಕುರ್ಚಿಗೆ ನಾಲ್ಕು ಹೆಚ್ಚುವರಿ ಟ್ಯೂಬು ಇಟ್ಟುಕೊಳ್ಳಿ. ನಮ್ಮ ಬಯಲುಸೀಮೆಯ ನೆಗ್ಗಿಲು ಮುಳ್ಳು ಇಲ್ಲಿಯೂ ಇದೆ, ಡೇರೆ ಹಾಕುವ ಜಾಗದಲ್ಲೇ ಹೆಚ್ಚಾಗಿ ಬಿದ್ದಿರುತ್ತದೆ.